ಅಡುಗೆಯಾಕೆಯ ಮಗಳ ಕೈಗೆ ಮೈಕು

ಹೊಸಪೇಟೆಯಲ್ಲಿ ಮನೆಮನೆಗೆ ಕೇಬಲ್ ಇದ್ದ ಕಾಲದಲ್ಲಿ ಸಂಜೆ ಏಳು ಗಂಟೆಯ ಸ್ಥಳೀಯ ಸುದ್ದಿ ಓದುತ್ತಿದ್ದವಳು ನಾನು. ಆಗ ತರಕಾರಿ ಕೊಳ್ಳಲು ಹೋದರೂ ಜನ ಗುರುತು ಹಿಡಿಯುತ್ತಿದ್ದರು. "ಟಿವ್ಯಾಗ ಕಂಡಂಗ ಇಲ್ರಿ ನೀವು, ಭಾಳ ಸಣ್ಣ ಅದೀರಿ" ಎನ್ನುತ್ತಿದ್ದರು. ಚಾನೆಲ್ ಮುಚ್ಚಿತು, ಎಲ್ಲರ ಕೈಗೂ ಮೊಬೈಲು ಬಂತು, ನನ್ನ ಮುಖ ಮರೆತುಹೋಯಿತು. ದನಿಯನ್ನು ಮಾತ್ರ ಜನ ಮರೆಯಲಿಲ್ಲ. ಈಗಲೂ ಆಟೋ ಹತ್ತಿ ಎಲ್ಲಿಗೆ ಹೋಗಬೇಕೆಂದು ಹೇಳಿದರೆ ಕೆಲವು ಡ್ರೈವರುಗಳು ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡುತ್ತಾರೆ.

ಆ ದನಿಯ ಧೈರ್ಯದ ಮೇಲೆಯೇ ಕೆಲವು ವರ್ಷಗಳ ಹಿಂದೆ ಮಕ್ಕಳಿಗೊಂದು ಕ್ಲಾಸು ಶುರು ಮಾಡಿದೆ. ಬೋರ್ಡಿನ ಮೇಲೆ 'ಸಂವಹನ ಕಲೆ' ಎಂದು ಬರೆಸಿದ್ದೆ. ಯಾರೂ ಬರಲಿಲ್ಲ. 'ಮಾತು, ಮೈಕು, ಕ್ಯಾಮೆರಾ' ಎಂದು ಬದಲಾಯಿಸಿದ ಮೇಲೆ ಬಂದರು. ಒಂಬತ್ತನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳು. ಹೊಸಪೇಟೆಯವರು ಕೆಲವರು, ಸಂಡೂರು, ಕಂಪ್ಲಿ ಕಡೆಯಿಂದ ಬಸ್ಸಿನಲ್ಲಿ ಬರುವವರು ಕೆಲವರು. ಜಾಗ ನಮ್ಮ ಹಳೆಯ ಚಾನೆಲ್ ಮಾಲೀಕರದೇ. ಒಂದು ಕಾಲಕ್ಕೆ ಸ್ಟುಡಿಯೋ ಆಗಿದ್ದ ಮಹಡಿಯ ಕೋಣೆಯನ್ನು ಶನಿವಾರ, ಭಾನುವಾರ ನನಗೆ ಬಿಟ್ಟುಕೊಟ್ಟಿದ್ದರು. ನಾನು ಸುದ್ದಿ ಓದುತ್ತಿದ್ದ ಮೇಜು ಇನ್ನೂ ಅಲ್ಲೇ ಇತ್ತು. ಅದರ ಮೇಲೆ ಮಕ್ಕಳು ಟಿಫಿನ್ ಡಬ್ಬಿ ಇಡುತ್ತಿದ್ದರು.

ಮಾತಾಡುವುದಕ್ಕಿಂತ ಮೊದಲು ಕೇಳುವುದನ್ನು ಕಲಿಯಬೇಕು ಎಂಬುದು ನನ್ನ ನಂಬಿಕೆ. ಹಾಗಾಗಿ ಮೊದಲ ತಿಂಗಳು ಯಾರೂ ಮೈಕಿನ ಮುಂದೆ ಮಾತಾಡುವಂತಿರಲಿಲ್ಲ. ತಮ್ಮ ಸುತ್ತಲಿನ ಸದ್ದು ಹಿಡಿದು ತಂದರೆ ಸಾಕು. ಯಶವಂತನಗರದಿಂದ ಬರುತ್ತಿದ್ದ ಹುಡುಗನೊಬ್ಬ ಅದಿರು ಲಾರಿಗಳ ಸದ್ದು ತಂದ; ಕಣ್ಣು ಮುಚ್ಚಿ ಕೇಳಿದರೆ ತುಂಬಿದ್ದು ಯಾವುದು, ಖಾಲಿ ಯಾವುದು ಎಂದು ಹೇಳಬಹುದಿತ್ತು. ಪಾಪಿನಾಯಕನಹಳ್ಳಿಯ ಹುಡುಗಿ ತನ್ನಜ್ಜಿ ರೊಟ್ಟಿ ಬಡಿಯುವ ಸದ್ದು ತಂದಳು. ನಡುವೆ ಅಜ್ಜಿ, "ಅದೇನ್ ಹಿಡ್ಕೊಂಡ್ ನಿಂತಿ, ಹಿಟ್ಟು ತಾ ಇಲ್ಲಿ" ಎಂದು ಗದರಿದ್ದೂ ಅದರಲ್ಲಿತ್ತು. ಹುಡುಗಿಗೆ ನಾಚಿಕೆಯಾಯಿತು. "ಅದನ್ನ ಕತ್ತರಿಸಬ್ಯಾಡವ್ವ, ಅದರಾಗ ಅಜ್ಜಿ ಅದಾಳ" ಎಂದೆ.

ಆಮೇಲೆ ಸಂದರ್ಶನ. ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ಕೂತಿರಿ, ಮನಸ್ಸಿನಲ್ಲೇ ಹತ್ತು ಎಣಿಸಿ ಎನ್ನುತ್ತಿದ್ದೆ. ಎದುರಿಗಿರುವವರಿಗೆ ಆ ಮೌನ ತಡೆಯಲಾಗದೆ ನಿಜವಾದ ಮಾತು ಹೊರಗೆ ಬರುತ್ತದೆ. ಎಡಿಟ್ ಮಾಡುವಾಗ ಮಾತಿನ ಮುಂಚಿನ ಉಸಿರನ್ನು ಕತ್ತರಿಸಬಾರದು. ಕಾರ್ಯಕ್ರಮ ತಯಾರಾದ ಮೇಲೆ ಮೊದಲು ಮನೆಯವರಿಗೆ ಕೇಳಿಸಬೇಕು. ಅವರಿಗೆ ಬೇಸರವಾದರೆ ಊರಿಗೂ ಬೇಸರವಾಗುತ್ತದೆ. ಒಂದು ದಿನ ಉಮೇದಿನಲ್ಲಿ ನಮ್ಮ ಸುದ್ದಿಯವರ ಜಾಣತನವನ್ನೂ ಹೇಳಿಬಿಟ್ಟೆ. "ಮುಗೀತು ಅಂದ ಕೂಡ್ಲೇ ಮೈಕ್ ಒಳಗ ಇಡಬ್ಯಾಡ್ರಿ. ಆಫ್ ಆಗೇತಿ ಅಂತ ತಿಳಕೊಂಡಾಗಲೇ ಮನಷ್ಯಾ ಖರೇ ಮಾತಾಡ್ತಾನ."

ಮಕ್ಕಳು ನಕ್ಕರು. ಮೆಟ್ರಿಯಿಂದ ಬರುತ್ತಿದ್ದ ಹುಡುಗಿ ಮಾತ್ರ ನಗದೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಆ ಹುಡುಗಿಯ ಬಗ್ಗೆಯೇ ನಾನು ಹೇಳಬೇಕಾಗಿರುವುದು. ಹತ್ತನೇ ಕ್ಲಾಸು. ತೆಳ್ಳಗಿನ ಕೈಕಾಲು. ನಾಲ್ಕು ಜನರ ಮುಂದೆ ಹೆಸರು ಹೇಳು ಎಂದರೂ ಪಕ್ಕದವಳ ಕಿವಿಯಲ್ಲಿ ಹೇಳುತ್ತಿದ್ದಳು. ಅವಳನ್ನು ಸೇರಿಸಲು ತಾಯಿ ಬಂದಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಆ ಹೆಂಗಸನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಒಂದು ಕಾಲಕ್ಕೆ ಟಿವಿಯಲ್ಲಿ ಅವಳ ಫೋಟೋವನ್ನು ನನ್ನ ಭುಜದ ಪಕ್ಕದಲ್ಲಿ ತೋರಿಸಿದ್ದರು. ನಾನು ಅವಳ ಹೆಸರು ಹೇಳಿ ಸುದ್ದಿ ಓದಿದ್ದೆ.

ಅದು ಹೀಗೆ. ಸಂಡೂರು ಕಡೆಯ ಒಂದು ಹಾಸ್ಟೆಲಿನಲ್ಲಿ ಊಟ ಮಾಡಿದ ಮಕ್ಕಳಿಗೆ ವಾಂತಿ ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದರು. ಪುಣ್ಯಕ್ಕೆ ಎಲ್ಲರೂ ಉಳಿದರು. ಅಡುಗೆಯಾಕೆಯ ನಿರ್ಲಕ್ಷ್ಯವೇ ಕಾರಣ ಎಂದು ಸಂಜೆಯ ಸುದ್ದಿಗೆ ಬರೆದುಕೊಟ್ಟಿದ್ದರು. ಓದಲು ಇನ್ನೂ ಅರ್ಧ ಗಂಟೆ ಇರುವಾಗ ಆಸ್ಪತ್ರೆಯ ನರ್ಸ್ ಒಬ್ಬರು ಚಾನೆಲ್ಲಿಗೆ ಫೋನ್ ಮಾಡಿದರು. ಎತ್ತಿದವಳು ನಾನೇ. ತೊಂದರೆ ಅಡುಗೆಯದಲ್ಲ, ನೀರಿನ ಟ್ಯಾಂಕಿನದು ಎಂದು ಡಾಕ್ಟರು ಹೇಳಿದ್ದಾರೆ. ಟ್ಯಾಂಕ್ ತೊಳೆಸಿ ಎಂದು ಆ ಅಡುಗೆಯಾಕೆಯೇ ಎರಡು ಸಲ ವಾರ್ಡನ್‌ಗೆ ಹೇಳಿದ್ದಳಂತೆ ಎಂದರು. ನಾನು ಅದನ್ನು ಸುದ್ದಿಯ ಹಾಳೆಯ ಅಂಚಿನಲ್ಲೇ ಬರೆದುಕೊಂಡು ಮಾಲೀಕರ ಬಳಿಗೆ ಓಡಿದೆ. ವಾರ್ಡನ್ ಅವರ ಸಂಬಂಧಿಕ. ಹಾಳೆಯನ್ನು ನೋಡಿ ನನ್ನ ಕೈಗೆ ವಾಪಸ್ ಕೊಟ್ಟರು. "ಕೊಟ್ಟಿದ್ದನ್ನ ಓದವ್ವ. ತನಿಖೆ ಮಾಡೋದು ನಮ್ಮ ಕೆಲಸ ಅಲ್ಲ."

ಓದಿದೆ. ಅಂಚಿನಲ್ಲಿ ನಾನೇ ಬರೆದುಕೊಂಡಿದ್ದ ಸಾಲು ಕಣ್ಣೆದುರಿಗೇ ಇದ್ದರೂ ಒಂದು ಅಕ್ಷರ ತಡವರಿಸದೆ ಓದಿದೆ.

ಮಗಳನ್ನು ಸೇರಿಸಲು ಬಂದ ದಿನ ಆ ತಾಯಿಯೇ ಮಾತು ತೆಗೆದಳು. "ನೀವ ಅಲ್ರೀ ಅವತ್ತು ಓದಿದ್ದು? ದನಿ ಕೇಳಿದ ಕೂಡ್ಲೇ ಗೊತ್ತಾತು."

"ಹೌದಕ್ಕ" ಎಂದೆ.

"ನಿಮ್ಮ ತಪ್ಪೇನಿಲ್ಲ ಬಿಡ್ರಿ. ಅವರು ಬರದು ಕೊಡ್ತಾರ, ನೀವು ಓದ್ತೀರಿ. ನಿಮಗೇನು ಗೊತ್ತಿರತೈತಿ?" ಎಂದಳು. ಆ ಕೆಲಸ ಹೋದ ಮೇಲೆ ತವರೂರಾದ ಮೆಟ್ರಿಗೆ ಬಂದು ಗದ್ದೆ ನಾಟಿಗೆ ಹೋಗುತ್ತಿದ್ದಾಳಂತೆ. ಅದಕ್ಕಿಂತ ಮುಂಚೆ ಸುತ್ತಲಿನ ಮದುವೆಗಳಿಗೆಲ್ಲ ಅಡುಗೆಗೆ ಅವಳೇ ಬೇಕಿತ್ತು. ಈಗ ಓಣಿಯ ನಾಮಕರಣಕ್ಕೂ ಯಾರೂ ಸೌಟು ಕೊಡುವುದಿಲ್ಲ. "ಮಗಳಿಗೆ ಅದೆಲ್ಲ ಹೇಳಿಲ್ರಿ, ಆಗ ಸಣ್ಣಾಕಿ. ಇಕಿನಾರ ನಾಕ್ ಮಂದ್ಯಾಗ ಬಾಯಿ ಬಿಟ್ಟು ಮಾತಾಡಂಗ ಆಗ್ಲಿ."

ನಿಮಗೇನು ಗೊತ್ತಿರತೈತಿ ಎಂದು ಕೇಳಿದಾಗ, ನನಗೆ ಗೊತ್ತಿತ್ತು ಎಂದು ಹೇಳಲು ಬೇಕಾದಷ್ಟು ಸಮಯವಿತ್ತು. ನಾನು ಅಡ್ಮಿಷನ್ ಫಾರಂ ತುಂಬಿಸಿಕೊಂಡೆ.

ಆ ಹುಡುಗಿಗೆ ಕಲಿಸಿದಷ್ಟು ಬೇರೆ ಯಾರಿಗೂ ನಾನು ಕಲಿಸಲಿಲ್ಲ. ಕ್ಲಾಸು ಮುಗಿದ ಮೇಲೆ ಕಂಪ್ಲಿ ಬಸ್ಸಿನ ಹೊತ್ತಿನವರೆಗೆ ಕೂರಿಸಿಕೊಂಡು ಓದಿಸುತ್ತಿದ್ದೆ. ನಾನು ಬಳಸುತ್ತಿದ್ದ ಸಣ್ಣ ರೆಕಾರ್ಡರನ್ನು ಮನೆಗೆ ಒಯ್ಯಲು ಕೊಟ್ಟೆ. ಮೊದಮೊದಲು ಪಾಪಪ್ರಜ್ಞೆಯಿಂದಲೇ ಮಾಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ಅವಳು ನನ್ನನ್ನು ಬೆರಗಾಗಿಸಿದಳು. ನಾಟಿ ಹಚ್ಚುವ ಹೆಂಗಸರ ಜೊತೆ ಕೆಸರಿನಲ್ಲಿ ನಿಂತು ಅವಳು ಮಾಡಿದ ಎಂಟು ನಿಮಿಷದ ಕಾರ್ಯಕ್ರಮದಲ್ಲಿ ಒಬ್ಬಾಕೆ ಹಾಡು ನಿಲ್ಲಿಸಿ, "ಸೊಂಟ ನೋಯ್ತದ ಅಂತ ಹಾಡ್ತೀವಿ, ಹಾಡು ಬರತೈತಿ ಅಂತ ಹಾಡಂಗಿಲ್ಲ" ಎನ್ನುತ್ತಾಳೆ. ಆಮೇಲೆ ಬರೀ ನೀರಿನ ಸದ್ದು. ನಾನಾಗಿದ್ದರೆ ಅಲ್ಲಿ ಇನ್ನೊಂದು ಪ್ರಶ್ನೆ ಕೇಳಿ ಕೆಡಿಸುತ್ತಿದ್ದೆ. ಅವಳ ದನಿಯೂ ತೆರೆದುಕೊಂಡಿತು. ಸ್ವಲ್ಪ ಒರಟು, ಆದರೆ ಕೇಳುವವರನ್ನು ಕೂರಿಸುವ ದನಿ. ಇಷ್ಟು ವರ್ಷದಲ್ಲಿ ಅಂಥವಳು ನನಗೆ ಸಿಕ್ಕಿರಲಿಲ್ಲ.

ವರ್ಷದ ಕೊನೆಗೆ ಪಾಲಕರನ್ನೆಲ್ಲ ಕರೆದು ಮಕ್ಕಳ ಕಾರ್ಯಕ್ರಮಗಳನ್ನು ಕೇಳಿಸುವ ಪದ್ಧತಿ ಇಟ್ಟುಕೊಂಡಿದ್ದೆ. ಆ ವರ್ಷದ ವಿಷಯ 'ನಾನು ಮಾಡಿದ ಒಂದು ತಪ್ಪು'. ಪ್ರತಿಯೊಬ್ಬರೂ ಒಬ್ಬ ಹಿರಿಯರನ್ನು ಮಾತಾಡಿಸಿ ತರಬೇಕು. ಅದಕ್ಕೂ ಮೊದಲು ಒಂದು ಭಾನುವಾರ ಎಲ್ಲರನ್ನೂ ಹಂಪಿಗೆ ಕರೆದುಕೊಂಡು ಹೋದೆ, ಬಯಲಿನಲ್ಲಿ ಗಾಳಿಯ ಸದ್ದು ಬಾರದಂತೆ ರೆಕಾರ್ಡ್ ಮಾಡುವುದು ಹೇಗೆ ಎಂದು ಕಲಿಸಲು. ಮಧ್ಯಾಹ್ನ ಬುತ್ತಿ ಉಂಡು ಮಕ್ಕಳು ಹೊಳೆಯ ಕಡೆ ಹೋದರು. ಬಂಡೆಯ ನೆರಳಿನಲ್ಲಿ ನಾನು ಕೂತಿದ್ದೆ. ಮೆಟ್ರಿಯ ಹುಡುಗಿ ಬಂದು ಎದುರಿಗೆ ಕೂತಳು.

"ಮೇಡಂ, ನಂಗ ಯಾರೂ ಸಿಕ್ಕಿಲ್ರಿ. ನಿಮ್ಮನ್ನ ಕೇಳ್ಲಾ?"

ಮೊದಲು ಹಗುರವಾದದ್ದೇನೋ ಹೇಳಿದೆ. ಲೈವ್‌ನಲ್ಲಿ ಶಾಸಕರ ಊರಿನ ಹೆಸರು ತಪ್ಪು ಹೇಳಿದ್ದು. ಅವಳು ಸುಮ್ಮನೆ ಕೂತಳು. ಹತ್ತು ಎಣಿಸುತ್ತಿದ್ದಾಳೆ ಎಂದು ಗೊತ್ತಿದ್ದರೂ ನನಗೆ ತಡೆಯಲಾಗಲಿಲ್ಲ. ತಿಂಗಳುಗಟ್ಟಲೆ ಅದೇ ಮುಖವನ್ನು ಎದುರಿಗೆ ಕೂರಿಸಿಕೊಂಡು ಬಾಯಿ ಕಟ್ಟಿಕೊಂಡಿದ್ದೆ.

"ಅದನ್ನ ಆಫ್ ಮಾಡವ್ವ, ಇನ್ನೊಂದು ಹೇಳ್ತೀನಿ" ಎಂದೆ.

ಅವಳು ಗುಂಡಿ ಒತ್ತಿದಳು. ರೆಕಾರ್ಡರನ್ನು ತೊಡೆಯ ಮೇಲೆ ದುಪ್ಪಟ್ಟದೊಳಗೆ ಇಟ್ಟುಕೊಂಡಳು.

"ಆಫ್ ಮಾಡಿದಿ, ಹೌದಿಲ್ಲ?"

"ಹ್ಞೂಂರಿ."

ಹೇಳಿದೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಒಂದು ಹಾಸ್ಟೆಲ್, ಒಬ್ಬ ಅಡುಗೆಯಾಕೆ, ನೀರಿನ ಟ್ಯಾಂಕು, ಒಂದು ಫೋನು. ನನಗೆ ಗೊತ್ತಿತ್ತು, ಆದರೂ ಓದಿದೆ ಎಂದೆ. ಅವಳು ನೀರಿನ ಬಾಟಲಿ ಮುಂದೆ ಮಾಡಿದಳು. ಮಗಳಿಗೆ ಹೇಳಿದರೆ ಅರ್ಧ ಭಾರ ಇಳಿದಂತೆ ಎಂದು ನನ್ನ ಮನಸ್ಸು ಹೇಗೋ ಲೆಕ್ಕ ಹಾಕಿಕೊಂಡಿತು. ಆ ಸಂಜೆ ಬಸ್ಸಿನಲ್ಲಿ ಹಗುರಾಗಿ ಹಾಡು ಗುನುಗಿದ್ದು ನೆನಪಿದೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಮುಂದಿನ ಶನಿವಾರ ಕ್ಲಾಸಿಗೆ ಇನ್ನೂ ಒಂದು ತಾಸು ಇರುವಾಗ ಅವಳ ತಾಯಿ ಒಬ್ಬಳೇ ಬಂದಳು. ಬೆಳಿಗ್ಗೆಯ ಬಸ್ಸು ಹಿಡಿದು ಬಂದು ಮೆಟ್ಟಿಲ ಮೇಲೆ ಕಾದು ಕೂತಿದ್ದಳು.

"ಒಳಗ ಬರ್ರಿ ಅಕ್ಕ, ಕುಂದ್ರಿ" ಎಂದೆ.

ಕೂರಲಿಲ್ಲ. "ಮಗಳು ರಾತ್ರಿ ಊಟಕ್ಕ ಕುಂತಾಗ ಕೇಳಿಸಿದಳ್ರಿ. ಮನ್ಯಾಗ ಮೊದ್ಲ ಕೇಳಿಸಬೇಕಂತಲ್ರಿ, ನೀವ ಹೇಳಿದ್ದಂತ. ಹೆಂಗ ಆಗೇತಿ ಹೇಳವ್ವ ಅಂದ್ಲು. ನಾನು ಏನ್ ಹೇಳ್ಲಿ? ಆ ಅಡುಗಿಯಾಕಿ ನಾನ ಅಂತ ಹೇಳಿದೆ."

ಯಾವುದನ್ನು ಕೇಳಿಸಿದಳು ಎಂದು ನಾನು ಕೇಳಬೇಕಾಗಿರಲಿಲ್ಲ. ಹಂಪಿಯಲ್ಲಿ ರೆಕಾರ್ಡರು ಆಫ್ ಆಗಿರಲಿಲ್ಲ.

"ಆ ಟ್ಯಾಂಕ್ ತೊಳಸ್ರಿ ಅಂತ ನಾನ ಹೇಳಿದ್ದು ಈ ಭೂಮಿ ಮ್ಯಾಲ ಒಬ್ರಿಗರ ಗೊತ್ತಿತ್ತಲ್ಲ" ಎಂದಳು. "ಯಾರೂ ನಂಬ್ಲಿಲ್ರಿ. ನನ್ನ ಗಂಡನೂ ನಂಬ್ಲಿಲ್ಲ. ಒಂದೊಂದ್ಸಲ ನನಗ ಅನ್ನಿಸ್ತಿತ್ತು, ನಾನ ಬ್ಯಾಳ್ಯಾಗ ಏನರ ಬೀಳಿಸಿದ್ನೇನೋ ಅಂತ. ಇಷ್ಟ್ ವರ್ಷ. ನಿಮ್ಮ ಮುಂದ ನಿಂತು ನಿಮ್ಮ ತಪ್ಪಿಲ್ಲ ಅಂದ್ನಲ್ರಿ, ಅವತ್ತರ ಹೇಳಬೇಕಿತ್ತು."

ನಾನು ಅತ್ತೆ. ಅವಳು ಅಳಲಿಲ್ಲ. ಬೇಕಾದದ್ದನ್ನು ಹೇಳಿದಳು: ಅದೇ ದನಿಯಲ್ಲಿ, ಅದೇ ಥರ, ನನ್ನ ಹೆಸರು ಹೇಳಿ ಇನ್ನೊಂದು ಸಲ ಓದ್ರಿ. ನೀರಿನ ತಪ್ಪು, ಇಕಿ ತಪ್ಪಲ್ಲ ಅಂತ ಓದ್ರಿ. ಕಾರ್ಯಕ್ರಮದ ದಿನ ಎಲ್ಲರಿಗೂ ಕೇಳಿಸ್ರಿ. ನಮ್ಮೂರಿನವರ ಫೋನಿಗೆ ಕಳಸ್ರಿ.

"ಓದ್ತೀನಕ್ಕ. ನನಗ ಒಂದು ವಾರ ಟೈಮ್ ಕೊಡ್ರಿ" ಎಂದೆ. ಹುಡುಗಿ ಆ ಶನಿವಾರ, ಭಾನುವಾರ ಕ್ಲಾಸಿಗೆ ಬರಲಿಲ್ಲ.

ಒಂದು ವಾರ ಯಾಕೆ ಬೇಕಿತ್ತು? ಮಾಲೀಕರಿಗೆ ಹೇಳದೆ ಅವರದೇ ಕಟ್ಟಡದಲ್ಲಿ ಕೂತು ಅದನ್ನು ಓದುವಂತಿರಲಿಲ್ಲ. ಸೋಮವಾರ ಅವರ ಮನೆಗೆ ಹೋದೆ. ವಯಸ್ಸಾಗಿದೆ, ಕಾಫಿ ಕೊಡಿಸಿದರು, ಪ್ರೀತಿಯಿಂದಲೇ ಮಾತಾಡಿದರು. "ಹಳೇದು ಕೆದಕಿ ಏನ್ ಸಾಧಸ್ತಿ? ಆ ವಾರ್ಡನ್ ತೀರಿಕೊಂಡು ಎರಡು ವರ್ಷ ಆತು. ಆಕಿಗೆ ಎಲ್ಲರ ಒಂದು ಅಡುಗೆ ಕೆಲಸ ಕೊಡಿಸೋಣ, ಸುಮ್ನಿರು" ಎಂದರು. ನಾನು ತಲೆ ಅಲ್ಲಾಡಿಸಿ ಬಂದೆ. ಮಂಗಳವಾರ ಬರೆಯಲು ಕೂತೆ. ಬುಧವಾರ ಬರೆದದ್ದನ್ನು ಮೆದು ಮಾಡಿದೆ. 'ನನ್ನಿಂದ ತಪ್ಪಾಯಿತು' ಎಂದಿದ್ದುದನ್ನು 'ಅಂದು ಪೂರ್ಣ ಮಾಹಿತಿ ಲಭ್ಯವಿರಲಿಲ್ಲ' ಎಂದು ತಿದ್ದಿದೆ. ಅದು ಮತ್ತೊಂದು ಸುಳ್ಳು ಎಂದು ಗೊತ್ತಿದ್ದೇ ತಿದ್ದಿದೆ.

ಗುರುವಾರ ಮಧ್ಯಾಹ್ನ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಆಡಿಯೋ ಬಂತು. ಮಕ್ಕಳು, ಅವರ ಅಪ್ಪ ಅಮ್ಮಂದಿರು, ಮಾಲೀಕರು ಎಲ್ಲರೂ ಇದ್ದ ಗ್ರೂಪು. ಕಳಿಸಿದವಳು ಮೆಟ್ರಿಯ ಹುಡುಗಿ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕೇಳಿದೆ. ಮೊದಲು ಅವಳ ದನಿ: ಇದರೊಳಗಿನ ಅಡುಗೆಯಾಕೆ ನಮ್ಮ ತಾಯಿ, ಹೆಸರು ಇಂಥದ್ದು. ಆಮೇಲೆ ಹೊಳೆಯ ದೂರದ ಸದ್ದು. ಆಮೇಲೆ ನಾನು. ಆಫ್ ಮಾಡು ಎಂದದ್ದು, ಅವಳು ಹ್ಞೂಂ ಎಂದದ್ದು ಇರಲಿಲ್ಲ. ಅದನ್ನು ಎಷ್ಟು ಚೊಕ್ಕಟವಾಗಿ ತೆಗೆದಿದ್ದಳೆಂದರೆ ಎಲ್ಲಿ ಕತ್ತರಿ ಬಿದ್ದಿದೆ ಎಂದು ನನಗೂ ಗೊತ್ತಾಗಲಿಲ್ಲ. 'ನನಗೆ ಗೊತ್ತಿತ್ತು' ಎನ್ನುವ ಮುಂಚೆ ನಾನು ಎಳೆದುಕೊಂಡ ಉಸಿರನ್ನು ಮಾತ್ರ ಹಾಗೇ ಉಳಿಸಿದ್ದಳು.

ಆಗ ನನಗೆ ಆ ತಾಯಿಯ ನೆನಪು ಬರಲಿಲ್ಲ. ಖರೇ ಹೇಳಬೇಕೆಂದರೆ ನನ್ನ ತಪ್ಪಿನ ನೆನಪೂ ಬರಲಿಲ್ಲ. ಬಂದದ್ದು ಆ ಹ್ಞೂಂ ಒಂದೇ. ನಾನು ದನಿ ಕೊಟ್ಟ ಹುಡುಗಿ, ನನ್ನ ಕೈಯ ರೆಕಾರ್ಡರು, ನನ್ನ ಕಣ್ಣು ನೋಡಿ ಹೇಳಿದ ಸುಳ್ಳು. ಫೋನು ಒಂದೇ ಸಮನೆ ಅಲುಗುತ್ತಿತ್ತು. ಸಂಜೆಯೊಳಗೆ ಆಡಿಯೋ ಕಂಪ್ಲಿಗೆ, ಸಂಡೂರಿಗೆ, ಎಲ್ಲೆಲ್ಲಿಗೋ ಹೋಗಿತ್ತು. ಮಾಲೀಕರು ಒಂದೇ ಮಾತು ಹೇಳಿದರು: "ಕೋಣಿ ಖಾಲಿ ಮಾಡವ್ವ."

ಶನಿವಾರ ನಾನು ಸಾಮಾನು ಕಟ್ಟುತ್ತಿರುವಾಗ ಹುಡುಗಿ ಬಂದಳು. ರೆಕಾರ್ಡರನ್ನು ಮೇಜಿನ ಮೇಲಿಟ್ಟಳು.

"ಆಫ್ ಮಾಡಿದ್ಯಾ ಅಂದ್ರ ಹ್ಞೂಂ ಅಂದಿಯಲ್ಲ" ಎಂದೆ. "ನಿನ್ನ ನಂಬಿ ಹೇಳಿದ್ದೆ."

"ನೀವ ಕಲಿಸಿದ್ರಿ, ಆಫ್ ಆಗೇತಿ ಅಂದಾಗ ಖರೇ ಬರತೈತಿ ಅಂತ" ಎಂದಳು. "ಅದು ನಮ್ಮವ್ವನ ಸುದ್ದಿ ಅಂತ ನಂಗ ಅವತ್ತು ಗೊತ್ತಿರಲಿಲ್ರಿ, ಆಣೆ ಮಾಡ್ತೀನಿ. ಮಸ್ತ್ ರೆಕಾರ್ಡಿಂಗ್ ಆಗ್ತದ ಅಂತ ಬಿಟ್ಟೆ. ಹೆಸರಿಲ್ಲ, ಯಾರಿಗೂ ಗೊತ್ತಾಗಂಗಿಲ್ಲ, ಆಮ್ಯಾಲ ನಿಮ್ಮನ್ನ ಕೇಳಿ ಹಾಕಿದ್ರಾತು ಅಂದ್ಕೊಂಡಿದ್ದೆ."

"ಒಂದು ವಾರ ಕೇಳಿದ್ನಲ್ಲ. ಅಷ್ಟೂ ತಡ್ಕೊಳ್ಳಾಕ ಆಗ್ಲಿಲ್ಲೇನು?"

"ಬುಧವಾರ ನಮ್ಮವ್ವಗ ಫೋನ್ ಬಂತ್ರಿ. ಯಾವುದೋ ಕಲ್ಯಾಣ ಮಂಟಪದಾಗ ಅಡುಗಿ ಕೆಲಸ ಕೊಡಿಸ್ತೀವಿ, ಸುಮ್ನಿರ್ರಿ ಅಂತ. ಅವ್ರಿಗೆ ನಮ್ಮ ನಂಬರ್ ಯಾರ್ ಕೊಟ್ರು?"

ನಾನು ಕೊಟ್ಟಿರಲಿಲ್ಲ. ಅಡ್ಮಿಷನ್ ಫಾರಂಗಳು ಕೆಳಗೆ ಮಾಲೀಕರ ಆಫೀಸಿನ ಕಪಾಟಿನಲ್ಲೇ ಇರುತ್ತಿದ್ದವು. ಅದನ್ನು ಹೇಳಿದೆ. ಹೇಳುವಾಗಲೇ ಅದು ಕೇಳುವವರಿಗೆ ಎಂಥ ನೆವವಾಗಿ ಕೇಳಿಸುತ್ತದೆ ಎಂದು ತಿಳಿಯಿತು.

ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. "ನಾನು ಯಾರ ಮಗಳು ಅಂತ ಮೊದಲನೇ ದಿನಾನ ನಿಮಗ ಗೊತ್ತಿತ್ತು. ಅದಕ್ಕ ನನ್ನ ಕುಂದ್ರಿಸ್ಕೊಂಡು ಕಲಿಸಿದ್ರಿ. ನನ್ನ ದನಿ ಛಲೋ ಐತಿ ಅಂದಿದ್ದೂ ಅದಕ್ಕೇನ್ರಿ?"

"ಇಲ್ಲವ್ವ. ಅದು ಖರೇ. ಅದೊಂದು ಮಾತ್ರ ಖರೇ" ಎಂದೆ.

"ಹೆಂಗ್ ನಂಬ್ಲಿ ಮೇಡಂ?" ಎಂದು ಮೆಟ್ಟಿಲಿಳಿದು ಹೋದಳು.

ಅದಾದ ಮರುದಿನ ಯಶವಂತನಗರದ ಹುಡುಗನನ್ನು ಮನೆಗೆ ಕರೆಸಿಕೊಂಡು, ಅವನ ಫೋನಿನಲ್ಲೇ, ಆ ತಾಯಿ ಕೇಳಿದ್ದ ಹಾಗೆ ಸುದ್ದಿಯನ್ನು ಓದಿದೆ. ಪೂರ್ಣ ಮಾಹಿತಿ ಲಭ್ಯವಿರಲಿಲ್ಲ ಎಂಬ ಸಾಲನ್ನು ಹೊಡೆದುಹಾಕಿದ್ದೆ. ಗೊತ್ತಿದ್ದೂ ಓದಿದೆ, ಓದಿದ್ದು ನಾನು, ಅದು ಸುಳ್ಳು ಎಂದು ಆಕೆಯ ಪೂರ್ತಿ ಹೆಸರಿನೊಡನೆ ಓದಿದೆ. ಹೆಸರಿನ ಹತ್ತಿರ ಬಂದಾಗಲೆಲ್ಲ ದನಿ ಇಳಿಯುತ್ತಿತ್ತು. "ಮೇಡಂ, ಇನ್ನೊಂದ್ಸಲ" ಎಂದು ಆ ಹುಡುಗ ತಾಳ್ಮೆಯಿಂದ ನಾಲ್ಕು ಸಲ ಓದಿಸಿದ. ಅದೇ ಗ್ರೂಪಿಗೆ ಹಾಕಿದೆ, ಮೆಟ್ರಿಗೂ ಕಳಿಸಿದೆ. ಎಲ್ಲ ಹೊರಬಿದ್ದ ಮೇಲೆ ಓದಿದರೆ ಅದಕ್ಕೆ ಬೆಲೆ ಎಷ್ಟು ಎಂದು ನನಗೂ ಗೊತ್ತಿತ್ತು. ಮೊದಲೇ ಓದಿದ್ದರೆ ಅದು ನನ್ನ ಮಾತಾಗುತ್ತಿತ್ತು. ಈಗ ಸಿಕ್ಕಿಬಿದ್ದವಳ ಮಾತಾಯಿತು. ಹಲವು ಪಾಲಕರು ಮಕ್ಕಳನ್ನು ಬಿಡಿಸಿದರು. ಒಬ್ಬರು ಮಾತ್ರ, "ತಪ್ಪು ಒಪ್ಪಿಕೊಂಡಾರ, ಇವರ ಹತ್ರಾನ ಕಲೀಲಿ" ಎಂದರು. ಏಳು ಮಕ್ಕಳು ಉಳಿದರು.

ಈಗ ಕಂಪ್ಲಿಯಲ್ಲಿ ಪರಿಚಯದವರೊಬ್ಬರ ಟ್ಯೂಷನ್ ಕೋಣೆಯಲ್ಲಿ ಕ್ಲಾಸು ನಡೆಸುತ್ತೇನೆ. ಮೆಟ್ರಿಯ ಓಣಿಯಲ್ಲಿ ಒಂದು ನಾಮಕರಣಕ್ಕೆ ಆ ತಾಯಿಯನ್ನು ಅಡುಗೆಗೆ ಕರೆದಿದ್ದರಂತೆ, ಅವಳು ಹೋಗಲಿಲ್ಲವಂತೆ. "ನಾಟಿ ಹಚ್ಚೋದು ರೂಢಿ ಆಗೇತಿ, ಇನ್ಯಾಕ ಬಿಡ್ರಿ" ಎಂದಳಂತೆ. ಇದನ್ನು ಕೇಳಿದಾಗ ನನಗೆ ಸಿಟ್ಟು ಬಂತು. ಹೋಗಬೇಕಿತ್ತು, ಹೋಗಿ ನನ್ನ ಮನಸ್ಸಿಗೆ ಒಂದಿಷ್ಟು ಸಮಾಧಾನ ಕೊಡಬೇಕಿತ್ತು ಎಂಬ ಸಿಟ್ಟು. ನನ್ನ ಸಮಾಧಾನ ನೋಡಿಕೊಳ್ಳುವುದು ಅವಳ ಕೆಲಸವೇ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡೆ.

ಹುಡುಗಿ ಪಿಯುಸಿ ಓದುತ್ತಿದ್ದಾಳೆ. ಕಳೆದ ತಿಂಗಳು ಕಂಪ್ಲಿಯ ಬಸ್ ಸ್ಟ್ಯಾಂಡಿನಲ್ಲಿ ತಾಯಿ ಮಗಳು ಇಬ್ಬರೂ ಸಿಕ್ಕರು. ತಾಯಿ ಬೆಂಚಿನ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟಳು. "ಬಿಸಿಲು ಭಾಳ ಆತ್ರಿ" ಎಂದಳು. ಹೌದೆಂದೆ. ಮಗಳು ನಮ್ಮಿಬ್ಬರನ್ನೂ ದಾಟಿ ರಸ್ತೆಯ ಕಡೆ ನೋಡುತ್ತಿದ್ದಳು. ಅವಳನ್ನು ನಾನು ಪೂರ್ತಿ ಕ್ಷಮಿಸಿಲ್ಲ. ಅವಳೂ ನನ್ನನ್ನು ಕ್ಷಮಿಸಿಲ್ಲ. ಯಾರ ಕೋಪಕ್ಕೆ ಹೆಚ್ಚು ಹಕ್ಕಿದೆ ಎಂದು ಕೇಳಿದರೆ ನನ್ನ ಉತ್ತರ ನನಗೆ ಗೊತ್ತು, ಆದರೂ ಕೋಪ ಹೋಗಿಲ್ಲ. ಹೇಗಿದ್ದೀ, ಯಾವ ಸಬ್ಜೆಕ್ಟ್ ತಗೊಂಡಿ ಎಂದು ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಬಸ್ಸು ಬಂತು. ತಾಯಿ ಚೀಲ ಎತ್ತಿಕೊಂಡು, "ಬರ್ತೀವ್ರಿ" ಎಂದಳು. ಮಗಳು ಅವಳಿಗಿಂತ ಮೊದಲೇ ಹತ್ತಿ ಸೀಟು ಹಿಡಿಯಲು ಒಳಗೆ ಹೋಗಿದ್ದಳು.